ಹಿಮಾಂಗಣದ ಧೀರ ವಿಲ್ಲಿ ಓರೀ

ಮಕ್ಕಳೇ, ದಾಸರ, ಶರಣರ, ಕವಿಗಳ ಜೀವನವೃತ್ತಾಂತಗಳನ್ನು ನಮ್ಮ ಕೂಟದ ಸಂಚಿಕೆಗಳಲ್ಲಿ ನೀವು ಓದುತ್ತ ಬಂದಿರುವಿರಿ. ಅವುಗಳ ಜೊತೆಗೆ, ನೀವು ಹುಟ್ಟಿ ಬೆಳೆಯುತ್ತಿರುವ ಈ ಶೀತಭೂಮಿಯ ಮಹನೀಯರೊಬ್ಬರ ಕಥೆಯೂ ನಿಮಗೆ ನಿಮ್ಮ ತಾಯ್ನುಡಿಯಲ್ಲಿಯೇ ದೊರೆಯಬೇಕೆಂಬ ಅಭಿಲಾಷೆ ನನ್ನದು. ನಿಮ್ಮಲ್ಲಿ ಹಲವರು ಚಳಿಗಾಲದ ನಸುಕಿನಲ್ಲಿ ಎದ್ದು, ನಿದ್ದೆಗಣ್ಣಿನ ತಂದೆಯ ಕಾರಿನಲ್ಲಿ ಕುಳಿತು, ನಿಮ್ಮ ಎತ್ತರವನ್ನೇ ಮೀರಿಸುವ ಚೀಲವನ್ನು ಹೊತ್ತು ಐಸ್ ಹಾಕಿಯ ರಿಂಕಿಗೆ ಹೋಗುವವರಷ್ಟೆ. ಆ ಆಟದ ಅತ್ಯುನ್ನತ ಪಂಕ್ತಿಯಾದ ನ್ಯಾಷನಲ್ ಹಾಕಿ ಲೀಗಿನಲ್ಲಿ ಆಫ್ರಿಕನ್ ಮೂಲದವರೊಬ್ಬರೂ ಆಡದಿದ್ದ ಕಾಲವೊಂದಿತ್ತು. ಆ ಕಾಲವನ್ನು ಕೊನೆಗಾಣಿಸಿದವರು ವಿಲ್ಲಿ ಓರೀ ಅವರು.

ಕೆನಡಾದೇಶದ ಪೂರ್ವಭಾಗದ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ, ಸೇಂಟ್ ಜಾನ್ ನದಿಯ ತಡಿಯಲ್ಲಿ, ಫ್ರೆಡ್ರಿಕ್ಟನ್ ಎಂಬ ಊರುಂಟು. ಅಲ್ಲಿ 1935ರ ಅಕ್ಟೋಬರ್ 15ರಂದು, ಹದಿಮೂರು ಮಕ್ಕಳ ಸಂಸಾರದಲ್ಲಿ ಕಟ್ಟಕಡೆಯ ಶಿಶುವಾಗಿ ಓರೀ ಜನಿಸಿದರು. ಅವರ ಪೂರ್ವಿಕರು ಅಮೆರಿಕದ ದಕ್ಷಿಣ ಪ್ರದೇಶದ ಗುಲಾಮಗಿರಿಯಿಂದ ಪಾರಾಗಿ ಉತ್ತರಕ್ಕೆ ಬಂದು ನೆಲೆಸಿದವರು. ಮೂರನೆಯ ವಯಸ್ಸಿಗೇ ಸ್ಕೇಟುಗಳನ್ನು ತೊಟ್ಟ ಆ ಬಾಲಕನಿಗೆ ಮನೆಯ ಹಿತ್ತಿಲೇ ಮೊದಲ ಪಾಠಶಾಲೆಯಾಯಿತು; ನೀರೆರೆದು ರಾತ್ರಿ ಹೆಪ್ಪುಗಟ್ಟಲು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅಲ್ಲೊಂದು ಕ್ರೀಡಾಂಗಣ ಸಿದ್ಧವಾಗಿರುತ್ತಿತ್ತು. ಅಣ್ಣ ರಿಚರ್ಡ್ ಅವರೇ ಗುರು. ಎದುರಾಳಿಯ ಮೈಯ ಡಿಕ್ಕಿಯನ್ನು ತಾಳಿಕೊಳ್ಳುವ ಬಗೆಯನ್ನು ಮಾತ್ರವಲ್ಲದೆ, ಎದುರಾಳಿಯ ನಾಲಗೆಯಿಂದ ಹೊರಡುವ ಹೀನ ನುಡಿಗಳನ್ನು ಮನಸ್ಸಿಗೆ ಇಳಿಯಗೊಡದೆ ಮುಂದೆ ಸಾಗುವ ಬಗೆಯನ್ನೂ ತಮ್ಮನಿಗೆ ಕಲಿಸಿದವರು ಆ ಅಣ್ಣ.

ಓರೀ ಅವರು ಬಾಲ್ಯದಲ್ಲಿ ಬೇಸ್‌ಬಾಲಿನಲ್ಲಿಯೂ ನಿಪುಣರಾಗಿದ್ದರು. 1949ರಲ್ಲಿ ಅವರ ಬಾಲಕರ ತಂಡವು ಗೆಲುವಿನ ಬಹುಮಾನವಾಗಿ ನ್ಯೂಯಾರ್ಕ್ ನಗರಕ್ಕೆ ಹೋದಾಗ, ಎರಡು ವರ್ಷಗಳ ಹಿಂದೆಯಷ್ಟೇ ಬ್ರೂಕ್ಲಿನ್ ಡಾಡ್ಜರ್ಸ್ ತಂಡವನ್ನು ಸೇರಿ ಬೇಸ್‌ಬಾಲಿನ ವರ್ಣಭೇದದ ಗೋಡೆಯನ್ನು ಕೆಡವಿದ್ದ ಜಾಕಿ ರಾಬಿನ್ಸನ್ ಅವರ ದರ್ಶನವಾಯಿತು. ತಾನು ಹಾಕಿಯನ್ನೂ ಆಡುವೆನೆಂದು ಬಾಲಕನು ಹೇಳಲು, ಕಪ್ಪುವರ್ಣದ ಮಕ್ಕಳು ಆ ಆಟವನ್ನಾಡುವರೆಂಬುದೇ ತಮಗೆ ತಿಳಿದಿರಲಿಲ್ಲವೆಂದು ರಾಬಿನ್ಸನ್ ಅವರು ವಿಸ್ಮಯಪಟ್ಟರಂತೆ. ಹದಿಮೂರು ವರ್ಷಗಳ ತರುವಾಯ, ಲಾಸ್ ಏಂಜಲೀಸ್ ನಗರದ ಒಂದು ಭೋಜನಕೂಟದಲ್ಲಿ ಇಬ್ಬರೂ ಮತ್ತೆ ಎದುರಾದಾಗ, ಆ ಹಿರಿಯರು ಹಳೆಯ ಬಾಲಕನನ್ನು ಗುರುತು ಹಿಡಿದರು.

ಆದರೆ ರಾಬಿನ್ಸನ್ ಅವರಿಗಿಲ್ಲದ ಇನ್ನೊಂದು ಕಷ್ಟವು ಓರೀ ಅವರ ಪಾಲಿಗೆ ಬಂದಿತು. 1955–56ರ ಋತುವಿನಲ್ಲಿ, ಒಂಟಾರಿಯೋದ ಕಿಚನರ್ ಪಟ್ಟಣದ ತರುಣರ ತಂಡದಲ್ಲಿ ಆಡುತ್ತಿದ್ದಾಗ, ಬಿರುಸಿನಿಂದ ಹೊಡೆದ ಪಕ್ ದಿಕ್ಕುಗೆಟ್ಟು ಚಿಮ್ಮಿ ಅವರ ಮುಖಕ್ಕೆ ಬಡಿಯಿತು. ಮೂರು ಅಂಗುಲ ಅಗಲದ, ಒಂದು ಅಂಗುಲ ದಪ್ಪದ, ಸುಮಾರು 160 ಗ್ರಾಂ ತೂಕದ ಆ ಗಟ್ಟಿ ರಬ್ಬರಿನ ಬಿಲ್ಲೆಯನ್ನು ನೀವೆಲ್ಲರೂ ಕೈಯಲ್ಲಿ ಹಿಡಿದು ಬಲ್ಲಿರಿ. ಆ ದಿನಗಳಲ್ಲಿ ಆಟಗಾರರು ಶಿರಸ್ತ್ರಾಣವನ್ನಾಗಲಿ ಮುಖಕ್ಕೆ ಜಾಲರಿಯನ್ನಾಗಲಿ ಧರಿಸುವ ರೂಢಿಯಿರಲಿಲ್ಲ. ಮೂಗು ಮುರಿಯಿತು, ಬಲಗಣ್ಣಿನ ಅಕ್ಷಿಪಟಲ ಛಿದ್ರವಾಗಿ, ನೂರರಲ್ಲಿ ತೊಂಬತ್ತೈದು ಪಾಲು ದೃಷ್ಟಿ ನಷ್ಟವಾಯಿತು. ಇನ್ನು ಆಟದ ಆಸೆಯನ್ನು ಬಿಡತಕ್ಕದ್ದೆಂದು ವೈದ್ಯರು ನುಡಿದರು. ಓರೀ ಅವರು ಕೆಲವೇ ವಾರಗಳಲ್ಲಿ ರಿಂಕಿಗೆ ಮರಳಿದರು. ಒಂದು ಕಣ್ಣು ಕುರುಡಾದವರು ಆಡಕೂಡದೆಂಬ ನಿಯಮ ಲೀಗಿನಲ್ಲಿದ್ದುದರಿಂದ, ಅತಿ ನಿಕಟವಾದ ಒಬ್ಬಿಬ್ಬರನ್ನುಳಿದು ಯಾರಿಗೂ ಈ ಸಂಗತಿಯನ್ನು ತಿಳಿಸದೆ, ಆಟದ ದಿನಗಳು ಮುಗಿಯುವವರೆಗೂ ಅದನ್ನು ರಹಸ್ಯವಾಗಿಟ್ಟರು.

ಇಲ್ಲಿ ನಿಮಗೊಂದು ಮಾತನ್ನು ಹೇಳದೆ ಮುಂದುವರಿಯಲಾರೆ. ಅವರ ಎದೆಗಾರಿಕೆಗೆ ನಾನು ತಲೆಬಾಗುವೆನಾದರೂ, ಪೆಟ್ಟನ್ನು ಮರೆಮಾಚುವುದು ನಿಮಗೆ ಅನುಕರಣೀಯವಲ್ಲ. ಅವರ ಕಾಲದಲ್ಲಿ ಆ ಲೀಗಿನಲ್ಲಿದ್ದುದು ಆರೇ ತಂಡಗಳು. ಒಂದೊಂದರಲ್ಲಿ ಇಪ್ಪತ್ತು ಜನರಂತೆ ಲೆಕ್ಕ ಹಾಕಿದರೂ ನೂರಿಪ್ಪತ್ತು ಸ್ಥಾನಗಳಷ್ಟೆ. ಮೊದಲೇ ಬಾಗಿಲು ಅರೆಮುಚ್ಚಿದ್ದ ಒಬ್ಬ ತರುಣನು ಕಣ್ಣಿನ ವಿಷಯವನ್ನೂ ಬಾಯಿಬಿಟ್ಟಿದ್ದರೆ ಆ ಬಾಗಿಲು ಪೂರ್ತಿ ಮುಚ್ಚಿಹೋಗುತ್ತಿತ್ತು. ನಿಮಗೆ ಅಂಥ ನಿರ್ಬಂಧವಿಲ್ಲ. ತಲೆಗೋ ಕಣ್ಣಿಗೋ ಏಟು ಬಿದ್ದರೆ ಆ ಕ್ಷಣವೇ ಅಮ್ಮನಿಗೂ ತರಬೇತುದಾರರಿಗೂ ಹೇಳತಕ್ಕದ್ದು.

1956ರಲ್ಲಿ ಮಿಲ್ವಾಕೀ ಬ್ರೇವ್ಸ್ ಎಂಬ ಬೇಸ್‌ಬಾಲ್ ತಂಡದವರು ಜಾರ್ಜಿಯಾ ಸಂಸ್ಥಾನದ ವೇಕ್ರಾಸ್ ಎಂಬಲ್ಲಿ ನಡೆಸುತ್ತಿದ್ದ ತಮ್ಮ ಶಿಬಿರಕ್ಕೆ ಅವರನ್ನು ಆಹ್ವಾನಿಸಿದರು. ಬಿಳಿಯರಿಗೊಂದು, ಇತರರಿಗೊಂದು ಎಂದು ನೀರಿನ ನಲ್ಲಿಗಳನ್ನೂ ಶೌಚಗೃಹಗಳನ್ನೂ ವಿಂಗಡಿಸಿದ್ದ ಪ್ರದೇಶವದು. ಅಲ್ಲಿ ಆಯ್ಕೆಯಾಗದೆ, ಬಸ್ಸಿನ ಹಿಂದಿನ ಆಸನದಲ್ಲಿ ಕುಳಿತು ಮನೆಯತ್ತ ಹೊರಟ ಓರೀ ಅವರು, ಬಸ್ಸು ಉತ್ತರಕ್ಕೆ ಸಾಗಿದಂತೆಲ್ಲ ಒಂದೊಂದೇ ಆಸನ ಮುಂದಕ್ಕೆ ಸರಿಯುತ್ತ ಊರು ಸೇರಿದರು; ಸೇರುವ ಮುನ್ನವೇ ಬೇಸ್‌ಬಾಲನ್ನು ತೊರೆದು ಹಾಕಿಗೇ ಬಾಳನ್ನು ಮುಡಿಪಾಗಿಡುವ ನಿಶ್ಚಯ ಮಾಡಿದ್ದರು.

ಅದೇ ವರ್ಷ ಅವರು ಕ್ವಿಬೆಕ್ ಏಸಸ್ ತಂಡವನ್ನು ಸೇರಿದರು. ಅದೇ ತಂಡದಲ್ಲಿ ಅವರಿಗಿಂತ ಹಿಂದೆ ಹರ್ಬ್ ಕಾರ್ನೆಗೀ ಎಂಬ ಟೊರಾಂಟೋದ ಕಪ್ಪುವರ್ಣೀಯ ಆಟಗಾರರು ಆಡಿ ಅಪಾರ ಖ್ಯಾತಿ ಗಳಿಸಿದ್ದರು. ಆದರೂ ಅವರ ಪಾಲಿಗೆ ನ್ಯಾಷನಲ್ ಹಾಕಿ ಲೀಗು ಕೊನೆಯವರೆಗೂ ದೂರವೇ ಉಳಿಯಿತು. ಅದಕ್ಕೂ ಬಹಳ ಹಿಂದೆ, 1895ರಲ್ಲಿಯೇ, ಹ್ಯಾಲಿಫ್ಯಾಕ್ಸ್ ನಗರದಲ್ಲಿ ಕಪ್ಪುವರ್ಣೀಯರು ತಮ್ಮದೇ ಆದ ಹಾಕಿ ಲೀಗೊಂದನ್ನು ಸ್ಥಾಪಿಸಿಕೊಂಡಿದ್ದರು. ಕೌಶಲಕ್ಕೆ ಎಂದೂ ಕೊರತೆಯಿರಲಿಲ್ಲ, ಕೊರತೆಯಿದ್ದುದು ಅವಕಾಶಕ್ಕೆ.

ಆ ಅವಕಾಶವು 1958ರ ಜನವರಿ 18ರಂದು ಒದಗಿತು. ಬಾಸ್ಟನ್ ಬ್ರೂಯಿನ್ಸ್ ತಂಡಕ್ಕೆ ಆಟಗಾರರೊಬ್ಬರ ಕೊರತೆ ಬೀಳಲು, ಏಸಸ್ ತಂಡದಿಂದ ಓರೀ ಅವರನ್ನು ಕರೆಸಿಕೊಂಡರು. ಮಾಂಟ್ರಿಯಲ್ ಫೋರಮ್ಮಿನಲ್ಲಿ, 1956ರಿಂದ 1960ರವರೆಗೆ ಸತತವಾಗಿ ಐದು ಬಾರಿ ಸ್ಟ್ಯಾನ್ಲಿ ಕಪ್ಪನ್ನು ಗೆದ್ದ ಕನೇಡಿಯನ್ಸ್ ತಂಡದೆದುರು ಅವರು ರಿಂಕಿಗಿಳಿದರು. ಬ್ರೂಯಿನ್ಸ್ 3–0ರಿಂದ ಜಯಿಸಿತು. ಇತಿಹಾಸವೊಂದು ನಿರ್ಮಾಣವಾಯಿತೆಂಬುದು ಮರುದಿನ ವೃತ್ತಪತ್ರಿಕೆಯಲ್ಲಿ ಓದಿದಾಗಲೇ ತಮಗೆ ತಿಳಿಯಿತೆಂದು ಅವರು ಹೇಳಿಕೊಂಡಿದ್ದಾರೆ. ಎರಡು ಪಂದ್ಯಗಳಾದ ಮೇಲೆ ಅವರನ್ನು ಹಿಂದಕ್ಕೆ ಕಳುಹಿಸಲಾಯಿತು.

ಮತ್ತೆ ಕರೆ ಬಂದುದು 1960–61ರ ಋತುವಿನಲ್ಲಿ. ಆ ವರ್ಷ 43 ಪಂದ್ಯಗಳನ್ನಾಡಿ, 1961ರ ಹೊಸವರ್ಷದ ದಿನ ಬಾಸ್ಟನ್ ಗಾರ್ಡನ್ನಿನಲ್ಲಿ ತಮ್ಮ ಮೊದಲ ಗೋಲನ್ನು ಗಳಿಸಿದರು. ಎದುರಿದ್ದುದು ಮತ್ತೆ ಕನೇಡಿಯನ್ಸ್ ತಂಡವೇ. ಸಭಾಂಗಣವೆಲ್ಲ ಎದ್ದುನಿಂತು ಕರತಾಡನ ಮಾಡಿತು. ಎಲ್ಲ ಊರುಗಳಲ್ಲಿಯೂ ಅಂಥ ಸ್ವಾಗತ ಸಿಗಲಿಲ್ಲ. ಷಿಕಾಗೋ, ಡೆಟ್ರಾಯಿಟ್, ನ್ಯೂಯಾರ್ಕ್ ನಗರಗಳಲ್ಲಿ ಪ್ರೇಕ್ಷಕರು ಅವರ ಬಣ್ಣವನ್ನು ಹಳಿದು ಕೂಗಿದರು. ಷಿಕಾಗೋದಲ್ಲಿ ಎದುರಾಳಿಯೊಬ್ಬನು ಕೋಲಿನಿಂದ ತಿವಿದು ಅವರ ಮುಂದಿನ ಹಲ್ಲುಗಳನ್ನೇ ಉದುರಿಸಿದನು. ಆ ಒಂದು ಸಲ ಅವರೂ ಕೋಲನ್ನೆತ್ತಿದರು. ಉಳಿದಂತೆ ಅಣ್ಣನ ಪಾಠವನ್ನು ನೆನೆದು ಆಟದಲ್ಲಿಯೇ ಮಗ್ನರಾದರು. ಋತುವಿನ ಕೊನೆಯಲ್ಲಿ, ಮುಂದಿನ ವರ್ಷವೂ ಬರಬೇಕೆಂಬ ಭರವಸೆಯೊಡನೆ ಊರಿಗೆ ಮರಳಿದ್ದ ಅವರಿಗೆ, ಕೆಲವು ವಾರಗಳಲ್ಲಿಯೇ ಅವರನ್ನು ಬೇರೆ ತಂಡಕ್ಕೆ ಒಪ್ಪಿಸಲಾಗಿದೆಯೆಂಬ ಸುದ್ದಿ ತಲುಪಿತು. ಅಲ್ಲಿಗೆ ಆ ಮಹಾಲೀಗಿನಲ್ಲಿ ಅವರ ಆಟ ಮುಗಿಯಿತು: ಒಟ್ಟು 45 ಪಂದ್ಯ, 4 ಗೋಲು.

ಅವರ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಇಲ್ಲಿಗೆ ನಿಲ್ಲುತ್ತಾರೆ. ನನ್ನ ಮಟ್ಟಿಗೆ ಅವರ ನಿಜವಾದ ಹಿರಿಮೆ ಆರಂಭವಾಗುವುದೇ ಇಲ್ಲಿಂದ. ಪಶ್ಚಿಮ ಕರಾವಳಿಯ ಲಾಸ್ ಏಂಜಲೀಸಿಗೆ ಹೋಗಿ, ಕೆಳಗಿನ ಪಂಕ್ತಿಯದಾದ ವೆಸ್ಟರ್ನ್ ಹಾಕಿ ಲೀಗಿನಲ್ಲಿ ಅವರು ಆಟವನ್ನು ಮುಂದುವರಿಸಿದರು. ಎಡ ವಿಂಗಿನಲ್ಲಿ ಆಡುವವನಿಗೆ ರಿಂಕಿನ ನಡುಭಾಗವೂ, ಅಲ್ಲಿಂದ ಬರುವ ಪಕ್ಕೂ ಬಲಗಡೆಗೇ ಇರುತ್ತವೆ. ಬಲಗಣ್ಣಿಲ್ಲದ ಓರೀ ಅವರು ಪ್ರತಿಯೊಂದು ಪಾಸಿಗೂ ಕತ್ತನ್ನು ಪೂರ್ತಿ ಹೊರಳಿಸಿ ಎಡಗಣ್ಣಿನಿಂದ ಹುಡುಕಬೇಕಾಗಿತ್ತು. ತರಬೇತುದಾರರು ಅವರನ್ನು ಬಲ ವಿಂಗಿಗೆ ಬದಲಾಯಿಸಿದ ಮೇಲೆ ಆಟವೆಲ್ಲ ಕಾಣುವ ಕಣ್ಣಿನ ಎದುರಿಗೇ ಬಂದಿತು. 1964–65ರಲ್ಲಿ 38 ಗೋಲುಗಳನ್ನು ಗಳಿಸಿ ಅವರು ಆ ಲೀಗಿಗೇ ಅಗ್ರಗಣ್ಯರಾದರು. ಸ್ಯಾನ್ ಡಿಯೇಗೋಗೆ ಹೋದ ಮೇಲೆ 1968–69ರಲ್ಲಿ ಮತ್ತೆ 38 ಗೋಲು, ಮತ್ತೆ ಅಗ್ರಸ್ಥಾನ. ಇಷ್ಟಾದರೂ ಮೇಲಿನ ಲೀಗಿನಿಂದ ಕರೆ ಬರಲಿಲ್ಲ. ಕಹಿಯಾಗಲು ಬೇಕಾದ ಕಾರಣಗಳೆಲ್ಲ ಇದ್ದ ಆ ಮನುಷ್ಯರು, ಕಹಿಯಾಗದೆ, ನಾಲ್ವತ್ತಮೂರನೆಯ ವಯಸ್ಸಿನವರೆಗೆ, 1979ರ ತನಕ, ಸ್ಕೇಟುಗಳನ್ನು ಬಿಗಿದು ರಿಂಕಿಗಿಳಿಯುತ್ತಿದ್ದರು. ಕಳೆದುಹೋದ ಕಣ್ಣನ್ನು ಮರೆತು, ಉಳಿದ ಕಣ್ಣಿನಿಂದ ಕಾಣುವುದರಲ್ಲಿ ಮನಸ್ಸಿಡುವುದೆಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರಂತೆ. ಅವರ ನಂತರ ನ್ಯಾಷನಲ್ ಹಾಕಿ ಲೀಗಿಗೆ ಇನ್ನೊಬ್ಬ ಕಪ್ಪುವರ್ಣೀಯ ಆಟಗಾರರು, ಮೈಕ್ ಮಾರ್ಸನ್, ಬಂದುದು 1974ರಲ್ಲಿ. ಭಾರತೀಯ ಮೂಲದವರಲ್ಲಿ ಮೊದಲಿಗರಾದ ರಾಬಿನ್ ಬಾವಾ ಅವರು, ಪಂಜಾಬಿನಿಂದ ಬ್ರಿಟಿಷ್ ಕೊಲಂಬಿಯಾಕ್ಕೆ ಬಂದ ಮನೆತನದವರು, 1989ರಲ್ಲಿ ಆಡಿದರು.

ಆಟದಿಂದ ನಿವೃತ್ತರಾದ ಮೇಲೆ ಓರೀ ಅವರು ಸ್ಯಾನ್ ಡಿಯೇಗೋದ ಬಳಿ ಹೋಟೆಲೊಂದರ ಭದ್ರತೆಯ ಕೆಲಸವನ್ನೂ ಮಾಡಿದರು. ತೊಂಬತ್ತರ ದಶಕದಲ್ಲಿ ಲೀಗು ಅವರನ್ನು ಸ್ಮರಿಸಿ, ಎಲ್ಲ ಜನಾಂಗಗಳ ಮಕ್ಕಳನ್ನೂ ಈ ಆಟಕ್ಕೆ ಕರೆತರುವ ಹೊಣೆಯನ್ನು ಅವರಿಗೆ ಒಪ್ಪಿಸಿತು. ಆಗ ಅವರಿಗೆ ವಯಸ್ಸು ಅರವತ್ತು ದಾಟಿತ್ತು. ಅಲ್ಲಿಂದ ಮುಂದೆ ಎರಡು ದಶಕಗಳಿಗೂ ಮೀರಿ ಊರೂರು ತಿರುಗಿ, ಶಾಲೆಗಳಲ್ಲಿಯೂ ರಿಂಕುಗಳಲ್ಲಿಯೂ ಮಕ್ಕಳ ನಡುವೆ ನಿಂತು ಅವರು ಮಾತನಾಡಿದರು. ಗೌರವಗಳು ತಡವಾಗಿಯಾದರೂ ಸಾಲಾಗಿ ಬಂದವು: ಹುಟ್ಟೂರಿನಲ್ಲಿ ಅವರ ಹೆಸರಿನ ಕ್ರೀಡಾಮಂದಿರ, 2008ರಲ್ಲಿ ಆರ್ಡರ್ ಆಫ್ ಕೆನಡಾ, 2018ರಲ್ಲಿ ಹಾಕಿ ಹಾಲ್ ಆಫ್ ಫೇಮ್. 2022ರ ಜನವರಿ 18ರಂದು, ಮೊದಲ ಪಂದ್ಯಕ್ಕೆ ಅರವತ್ತನಾಲ್ಕು ವರ್ಷ ತುಂಬಿದ ದಿನವೇ, ಬ್ರೂಯಿನ್ಸ್ ತಂಡವು ಅವರು ಧರಿಸುತ್ತಿದ್ದ 22ನೆಯ ಅಂಕಿಯನ್ನು ಇನ್ನಾರಿಗೂ ಕೊಡಕೂಡದೆಂದು ನಿರ್ಧರಿಸಿ ಮೇಲ್ಛಾವಣಿಗೇರಿಸಿತು. ಅದೇ ತಿಂಗಳಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಸ್ವರ್ಣಪದಕವೂ ಅವರಿಗೆ ಮಂಜೂರಾಯಿತು.

ಬಾಸ್ಟನ್ನಿನ ಮಕ್ಕಳು ಟಿ.ಡಿ. ಗಾರ್ಡನ್ನಿಗೆ ಹೋದಾಗ ತಲೆಯೆತ್ತಿ ಆ ಅಂಕಿಯನ್ನು ನೋಡಿರಿ. ಟೊರಾಂಟೋದವರು ಹಾಲ್ ಆಫ್ ಫೇಮಿನಲ್ಲಿ ಅವರ ಹೆಸರನ್ನು ಹುಡುಕಿರಿ. 2020ರಲ್ಲಿ ಪ್ರಕಟವಾದ ಅವರ ಆತ್ಮಕಥೆಯನ್ನು ಗ್ರಂಥಾಲಯದಿಂದ ತಂದು ಓದಿ, ಅದರಲ್ಲಿ ನಿಮ್ಮ ಮನಸ್ಸಿಗೆ ಹಿಡಿಸಿದ ಒಂದು ಪ್ರಸಂಗವನ್ನು ಕನ್ನಡದಲ್ಲಿ ಬರೆದು ಮುಂದಿನ ಸಂಚಿಕೆಗೆ ಕಳುಹಿಸಿರಿ.