ತೇರು ಮೊದಲು ಕದಲೋದು ಯಾಕೆ ಕಷ್ಟ? ಅಳೆದು ಹೇಳಿದ ಕೂಲಂಬ್‌ನ ಕಥೆ

ಜಾತ್ರೆಯಲ್ಲಿ ತೇರಿನ ಮಿಣಿ ಹಿಡಿದವರಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಿಲ್ಲ. ನಿಂತ ತೇರು ಮೊದಲ ಗೇಣು ಕದಲಬೇಕಾದರೆ ಊರೆಲ್ಲ ಒಟ್ಟಿಗೆ ಜಗ್ಗಬೇಕು, ಹಿಂದಿನಿಂದ ಗಾಲಿಗೆ ಸನ್ನೆ ಕೊಡಬೇಕು. ಒಮ್ಮೆ ಹೊರಟಿತೋ, ಆಮೇಲೆ ಅರ್ಧ ಜನ ಸಾಕು. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹೈಸ್ಕೂಲ್ ಮಕ್ಕಳು ಇದನ್ನೇ ಸ್ಥಾಯಿ ಘರ್ಷಣೆ, ಜಾರು ಘರ್ಷಣೆ, ಉರುಳು ಘರ್ಷಣೆ ಅಂತ ಬಾಯಿಪಾಠ ಮಾಡಿ ಎರಡು ಅಂಕಕ್ಕೆ ಬರೆಯುತ್ತಾರೆ. ತೇರಿಗೂ ಈ ಪಾಠಕ್ಕೂ ನೆಂಟಸ್ತಿಕೆ ಇದೆ ಅಂತ ಹೇಳುವವರು ಕಡಿಮೆ. ನಾನೂ ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದೆ. ಘರ್ಷಣೆಯ ಗುಣಾಂಕ 0.3 ಎಂದು ಇಟ್ಟುಕೊಳ್ಳಿ ಅಂದಾಗ ಇಟ್ಟುಕೊಂಡೆ. ಅದನ್ನು ಮೊದಲು ಕೂತು ಅಳೆದವರು ಯಾರು ಅಂತ ನಾನು ಕೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ.

ಅಳೆದವರಲ್ಲಿ ದೊಡ್ಡ ಹೆಸರು ಚಾರ್ಲ್ಸ್ ಆಗಸ್ಟಿನ್ ಕೂಲಂಬ್. ವಿದ್ಯುತ್ ಪಾಠದಲ್ಲಿ ಆವೇಶದ ಮೂಲಮಾನವಾಗಿ ಬರುತ್ತಾನಲ್ಲ, ಅವನೇ. 1736ರ ಜೂನ್ 14ರಂದು ಫ್ರಾನ್ಸಿನ ಅಂಗುಲೆಮ್‌ನಲ್ಲಿ ಹುಟ್ಟಿದ. ಮಗ ವೈದ್ಯನಾಗಲಿ ಅನ್ನೋದು ತಾಯಿಯ ಹಟ, ಗಣಿತವೇ ಬೇಕು ಅನ್ನೋದು ಮಗನ ಹಟ. ಅಪ್ಪ ದುಡ್ಡು ಕಳೆದುಕೊಂಡಿದ್ದ. ಕೊನೆಗೆ ಕೂಲಂಬ್ ಮೆಜಿಯೇರ್‌ನ ಸೇನಾ ಎಂಜಿನಿಯರಿಂಗ್ ಶಾಲೆ ಸೇರಿ 1761ರಲ್ಲಿ ಹೊರಬಿದ್ದ.

1764ರಲ್ಲಿ ಆತನನ್ನು ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪಕ್ಕೆ ಕೋಟೆ ಕಟ್ಟಲು ಕಳಿಸಿದರು. ಅಲ್ಲಿ ಎಂಟು ವರ್ಷ ಕಳೆಯಿತು. ಕಾಯಿಲೆ ಮೇಲೆ ಕಾಯಿಲೆ ಬಿದ್ದು, ಆಗ ಕೆಟ್ಟ ಆರೋಗ್ಯ ಮುಂದೆ ಪೂರ್ತಿ ಸುಧಾರಿಸಲೇ ಇಲ್ಲ. ಆದರೆ ಕೋಟೆ ಕಟ್ಟುವವನಿಗೆ ದಿನಾ ಎದುರಾಗೋ ಪ್ರಶ್ನೆ ಒಂದಿತ್ತು: ಗೋಡೆಯ ಹಿಂದೆ ತುಂಬಿದ ಮಣ್ಣು ಎಷ್ಟು ಜೋರಾಗಿ ನೂಕುತ್ತೆ? ಇದಕ್ಕೆ ಆತ 1773ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಉತ್ತರ ಇಟ್ಟ. ಮಣ್ಣು ಜಾರದೆ ನಿಲ್ಲೋದು ಎರಡು ಕಾರಣಕ್ಕೆ. ಒಂದು, ಅದರ ಅಂಟು. ಇನ್ನೊಂದು, ಮೇಲಿನ ಭಾರಕ್ಕೆ ತಕ್ಕಂತೆ ಹೆಚ್ಚುವ ಒಳಗಿನ ಘರ್ಷಣೆ. ಇವತ್ತಿಗೂ ಸಿವಿಲ್ ಎಂಜಿನಿಯರುಗಳು ಮಣ್ಣಿನ ಏರಿಯ ಇಳಿಜಾರು ನಿಲ್ಲುತ್ತೋ ಇಲ್ಲವೋ ಅಂತ ಲೆಕ್ಕ ಹಾಕೋದು ಇಲ್ಲಿಂದಲೇ. ಆಳಂದ ತಾಲ್ಲೂಕಿನ ಅಮರ್ಜಾ ಕಡೆ ಹೋದವರು ಏರಿ ಮೇಲೆ ನಿಂತು ನೀರು ನೋಡ್ತಾರೆ. ಕಾಲಕೆಳಗಿನ ಮಣ್ಣಿನ ಲೆಕ್ಕ ಯಾರಿಗೆ ನೆನಪಾಗುತ್ತೆ?

ಘರ್ಷಣೆಯ ನಿಜವಾದ ಪರೀಕ್ಷೆ ನಡೆದದ್ದು 1779ರಲ್ಲಿ, ರೋಷ್‌ಫೋರ್‌ನ ಹಡಗುಕಟ್ಟೆಯಲ್ಲಿ. ನೌಕಾಪಡೆಗೆ ಉಪಯೋಗವಾಗುವಂತೆ ಯಂತ್ರಗಳ ಘರ್ಷಣೆ ತಿಳಿಸಿ ಎಂದು ಅಕಾಡೆಮಿ ಬಹುಮಾನ ಇಟ್ಟಿತ್ತು. ಭಾರ ಹೆಚ್ಚಾದಷ್ಟೂ ಘರ್ಷಣೆ ಹೆಚ್ಚು, ತಾಗುವ ಜಾಗದ ಅಗಲ ಲೆಕ್ಕಕ್ಕಿಲ್ಲ ಎಂದು ಗಿಯೋಮ್ ಅಮೊಂಟನ್ಸ್ 1699ರಲ್ಲೇ ಹೇಳಿದ್ದ. ನಂಬಿದವರು ಕಡಿಮೆ. ಇಟ್ಟಿಗೆಯನ್ನು ಅಡ್ಡ ಮಲಗಿಸಿ ಎಳೆದರೂ, ನಿಲ್ಲಿಸಿ ಎಳೆದರೂ ಅಷ್ಟೇ ಬಲ ಅಂದರೆ ಈಗಲೂ ಜನ ತಲೆ ಅಲ್ಲಾಡಿಸ್ತಾರೆ! ಕೂಲಂಬ್ ವಾದ ಮಾಡಲಿಲ್ಲ, ಭಾರ ಹೇರಿ ಎಳೆದು ನೋಡಿದ. ಮರದ ಮೇಲೆ ಮರ, ಮರದ ಮೇಲೆ ಲೋಹ, ಒಣಗಿದ್ದು, ಕೊಬ್ಬು ಸವರಿದ್ದು. ಡಾಂಬರು ಬಳಿದ ಹಗ್ಗ, ಬಳಿಯದ ಹಗ್ಗ. ರಾಟೆಯ ಮೇಲೆ ಹಗ್ಗ ಬಗ್ಗಿಸೋದಕ್ಕೇ ಎಷ್ಟು ಬಲ ವ್ಯರ್ಥ ಆಗುತ್ತೆ ಅಂತಲೂ ಅಳೆದ.

ಸಿಕ್ಕಿದ್ದೇನು? ಅಮೊಂಟನ್ಸ್ ಹೇಳಿದ್ದು ಹೆಚ್ಚುಕಮ್ಮಿ ಸರಿ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಜಾರುತ್ತಿರುವುದನ್ನು ಜಾರಿಸುತ್ತಲೇ ಇರಲು ಬೇಕಾದ ಬಲಕ್ಕಿಂತ ಜಾಸ್ತಿ. ಜಾರುವ ವೇಗ ಹೆಚ್ಚಾದರೂ ಘರ್ಷಣೆ ಅಷ್ಟಾಗಿ ಬದಲಾಗಲ್ಲ. ಇದರಲ್ಲಿ ನನಗೆ ತೀರಾ ಇಷ್ಟವಾದದ್ದು ಇನ್ನೊಂದು. ಮರದ ಮೇಲೆ ಮರ ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಹಿಡಿತ ಬಿಗಿಯಾಗುತ್ತಾ ಹೋಗುತ್ತೆ, ಲೋಹದ ಮೇಲೆ ಲೋಹಕ್ಕೆ ಈ ಚಾಳಿ ಇಲ್ಲ. ಉರುಳುವ ವಿಷಯದಲ್ಲಿ, ಉರುಳೆ ದಪ್ಪ ಇದ್ದಷ್ಟೂ ತಡೆ ಕಡಿಮೆ. ಎತ್ತಿನ ಗಾಡಿಗೆ ದೊಡ್ಡ ಗಾಲಿ ಕೂರಿಸಿದವರಿಗೆ, ಅಚ್ಚಿಗೆ ಕೀಲೆಣ್ಣೆ ಸವರಿದವರಿಗೆ ಇದು ಕೈಗೆ ಗೊತ್ತಿತ್ತು, ಅಂಕಿ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಜೇವರ್ಗಿಯ ಎರೆಮಣ್ಣಿನಲ್ಲಿ ಗಾಲಿ ಹೂತರೆ ಮಾತ್ರ ಈ ಸೂತ್ರವೂ ಕೈಕೊಡುತ್ತೆ, ಅಲ್ಲಿ ಗಾಲಿ ಉರುಳೋದಲ್ಲ, ಮಣ್ಣು ಸೀಳಬೇಕು.

ಮೇಲ್ಮೈಯ ಉಬ್ಬುತಗ್ಗುಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಅದಕ್ಕೇ ಘರ್ಷಣೆ ಎಂದು ಆತ ಭಾವಿಸಿದ್ದ. ಕಥೆ ಅಷ್ಟೇ ಅಲ್ಲ, ತಾಗುವ ಸೂಕ್ಷ್ಮ ತುದಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎಂದು 20ನೇ ಶತಮಾನದಲ್ಲಿ ಬೌಡನ್ ಮತ್ತು ಟೇಬರ್ ತೋರಿಸಿದರು. ಕಾರಣ ತಿದ್ದಿದರೂ ಅಳತೆ ಉಳಿಯಿತು.

1781ರಲ್ಲಿ ಬಹುಮಾನ ಬಂತು, ಅಕಾಡೆಮಿಯ ಸದಸ್ಯತ್ವವೂ ಬಂತು. ಎರಡೇ ವರ್ಷಕ್ಕೆ ಜೈಲೂ ಬಂತು. ಬ್ರಿಟನಿ ಪ್ರಾಂತ್ಯದಲ್ಲಿ ಕಾಲುವೆ ತೋಡುವ ದೊಡ್ಡ ಯೋಜನೆಯನ್ನು ಪರಿಶೀಲಿಸಲು ಆತನನ್ನು ಕಳಿಸಿದ್ದರು. ಆಗುವ ಖರ್ಚಿಗೆ ಸಿಗುವ ಲಾಭ ಸಾಲದು ಎಂದು ಕೂಲಂಬ್ ವರದಿ ಕೊಟ್ಟ. ಯೋಜನೆ ಬೇಕಾಗಿದ್ದವರಿಗೆ ಅದು ರುಚಿಸಲಿಲ್ಲ. 1783ರ ನವೆಂಬರ್‌ನಲ್ಲಿ ಪ್ಯಾರಿಸ್ಸಿನ ಆಬೇ ಜೈಲಿನಲ್ಲಿ ಒಂದು ವಾರ ಕೂತು ಬಂದ. ಟೆಂಡರ್, ಅಂದಾಜು ಪಟ್ಟಿ, ಅನುದಾನ ಅಂತ ದಿನಾ ಸುದ್ದಿ ಬರೆಯೋ ನನ್ನಂಥವನಿಗೆ ಆತನ ಸೂತ್ರಗಳಿಗಿಂತ ಈ ಒಂದು ವಾರ ಹೆಚ್ಚು ಕಾಡುತ್ತೆ. ಇಂಥ ವರದಿಗೆ ಸಹಿ ಹಾಕೋ ಎಂಜಿನಿಯರುಗಳು ನಮ್ಮ ಇಲಾಖೆಗಳಲ್ಲಿ ಎಷ್ಟು ಜನ ಇರಬಹುದು?

ವಿದ್ಯುತ್ ನಿಯಮ ಬಂದದ್ದು ಇದಾದ ಮೇಲೆ, 1785ರಲ್ಲಿ. ಫ್ರೆಂಚ್ ಕ್ರಾಂತಿಯ ಗದ್ದಲದಲ್ಲಿ ಸೇನೆಯ ಕೆಲಸ ಬಿಟ್ಟ. 1793ರಲ್ಲಿ ಅಕಾಡೆಮಿಯೇ ಮುಚ್ಚಿತು. ಬ್ಲೋಯಿ ಹತ್ತಿರದ ಹಳ್ಳಿಗಾಡಿನಲ್ಲಿ ಕೆಲಕಾಲ ಇದ್ದು, 1795ರಲ್ಲಿ ಹೊಸ ಸಂಸ್ಥೆಯ ಸದಸ್ಯನಾಗಿ ವಾಪಸ್ ಬಂದ.

ಕಡೆಯ ಕೆಲಸ ಅಚ್ಚರಿಯದು. 1802ರಿಂದ ಆತ ಸಾರ್ವಜನಿಕ ಶಿಕ್ಷಣದ ಇನ್ಸ್‌ಪೆಕ್ಟರ್. ಫ್ರಾನ್ಸಿನಲ್ಲಿ ಹೊಸದಾಗಿ ಏಳುತ್ತಿದ್ದ ಸರ್ಕಾರಿ ಪ್ರೌಢಶಾಲೆಗಳನ್ನು ನಿಲ್ಲಿಸುವ ಕೆಲಸದಲ್ಲಿ ಆತನ ಪಾಲೂ ಇತ್ತು. ಕೆಟ್ಟ ಆರೋಗ್ಯ ಹೊತ್ತುಕೊಂಡೇ ಅದನ್ನು ಮಾಡುತ್ತಾ, 1806ರ ಆಗಸ್ಟ್ 23ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡ.