ನಲವತ್ತು ಹನಿ ರಕ್ತಕ್ಕೆ ಒಂದು ಹನಿ ವೀರ್ಯ? ಈ ಭಯವನ್ನು ಕಿವಿಗೊಟ್ಟು ಕೇಳಿದ ಡಾಕ್ಟರ್ ಕಾರ್‌ಸ್ಟೇರ್ಸ್

ಈ ಫಾರ್ವರ್ಡ್ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ನಲವತ್ತು ಹನಿ ರಕ್ತ ಸೇರಿದರೆ ಒಂದು ಹನಿ ವೀರ್ಯ. ಅದು ಸೋರಿ ಹೋದರೆ ಸೊಂಟನೋವು, ಸುಸ್ತು, ಮರೆವು, ಕೊನೆಗೆ ನಪುಂಸಕತ್ವ. ಕೆಳಗೆ ಒಂದು ಚೂರ್ಣದ ಹೆಸರು, ಒಂದು ಫೋನ್ ನಂಬರ್. ಮಹಾರಾಷ್ಟ್ರದ ಗಡಿಯಲ್ಲಿರುವ ಹಿರೋಳ್ಳಿಯಿಂದ ಆಳಂದಕ್ಕೆ ಬಸ್ಸಿನಲ್ಲಿ ಹೋಗುವ ಹುಡುಗನಿಗೂ, ಬೆಂಗಳೂರಿನ ಪಿ.ಜಿ.ಯಲ್ಲಿರುವ ಹುಡುಗನಿಗೂ ಬರುವುದು ಇದೇ ಸಂದೇಶ. ಅಪ್ಪನನ್ನು ಕೇಳಲು ನಾಚಿಕೆ, ಗೆಳೆಯರನ್ನು ಕೇಳಿದರೆ ನಗುತ್ತಾರೆ. ಕೊನೆಗೆ ಅವನು ಆ ನಂಬರಿಗೇ ಫೋನ್ ಮಾಡುತ್ತಾನೆ.

ಮೊದಲೇ ಹೇಳಿಬಿಡುತ್ತೇವೆ: ಈ ಲೆಕ್ಕ ಸುಳ್ಳು. ಆದರೆ ಅದನ್ನು ನಂಬಿ ಕುಗ್ಗಿದವನ ಸುಸ್ತು ಸುಳ್ಳಲ್ಲ. ಈ ಎರಡೂ ಹೇಗೆ ಒಟ್ಟಿಗೆ ನಿಜವಾಗುತ್ತವೆ? ಅದನ್ನು ತಿಳಿಯಲು ನಾವು ಇಂದು ಒಬ್ಬ ಮನೋವೈದ್ಯರ ಬದುಕನ್ನು ನೋಡೋಣ. ಅವರ ದಾರಿ ರಾಜಸ್ಥಾನದಿಂದ ನಮ್ಮ ಕರಾವಳಿಯ ಕೋಟದವರೆಗೂ ಬಂದಿದೆ.

ಹಿಂದಿ ಕಲಿತ ಸ್ಕಾಟ್ ಹುಡುಗ

ಜಾರ್ಜ್ ಮೋರಿಸ್ ಕಾರ್‌ಸ್ಟೇರ್ಸ್ ಹುಟ್ಟಿದ್ದು 1916ರಲ್ಲಿ, ಮಸ್ಸೂರಿಯಲ್ಲಿ. ತಂದೆ ತಾಯಿ ಸ್ಕಾಟ್ಲೆಂಡಿನಿಂದ ಬಂದ ಮಿಷನರಿಗಳು, ಕೆಲಸ ರಾಜಪುತಾನದಲ್ಲಿ. ಹುಡುಗ ಅಲ್ಲಿನ ಮಕ್ಕಳ ಜೊತೆ ಆಡುತ್ತಾ ಹಿಂದಿ ಕಲಿತ. ಮುಂದೆ ಎಡಿನ್‌ಬರೋದಲ್ಲಿ ಓದಿ ಡಾಕ್ಟರಾದ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ವೈದ್ಯನಾಗಿ ದುಡಿದ.

ಯುದ್ಧ ಮುಗಿದ ಮೇಲೆ ಅವರ ಆಸಕ್ತಿ ಮನಸ್ಸಿನ ಕಾಯಿಲೆಗಳ ಕಡೆ ತಿರುಗಿತು. ಎಲ್ಲ ಊರಿನ ಜನರ ಸಂಕಟವೂ ಒಂದೇ ರೀತಿ ಇರುತ್ತದೆಯೇ ಎಂಬ ಪ್ರಶ್ನೆ ಅವರನ್ನು ಕಾಡುತ್ತಿತ್ತು. ಹೆಸರಾಂತ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಅವರ ಬಳಿ ತರಬೇತಿ ಪಡೆದು, 1950ರ ದಶಕದ ಆರಂಭದಲ್ಲಿ ಬಾಲ್ಯದ ಸೀಮೆಗೇ ಹಿಂತಿರುಗಿದರು.

ಔಷಧಿ ಕೇಳಲು ಬಂದವರು ಹೇಳಿದ್ದು

ರಾಜಸ್ಥಾನದ ಆ ಊರಿನಲ್ಲಿ ಕಾರ್‌ಸ್ಟೇರ್ಸ್ ಜನರಿಗೆ ಔಷಧಿಯನ್ನೂ ಕೊಡುತ್ತಿದ್ದರು. ಗಂಡಸರು ಮತ್ತೆ ಮತ್ತೆ ಒಂದೇ ದೂರು ತಂದರು. ಅಲ್ಲಿ ಅದರ ಹೆಸರು ಜಿರ್ಯಾನ್. ನಮ್ಮಲ್ಲಿ ಧಾತು ಹೋಗುವುದು ಎನ್ನುತ್ತೇವೆ. ನಲವತ್ತು ದಿನ, ನಲವತ್ತು ಹನಿ ರಕ್ತ, ಆಗ ಒಂದು ಹನಿ ವೀರ್ಯ ಎಂದು ಅವರು ವಿವರಿಸಿದರು. ಅದರ ಭಂಡಾರ ತಲೆಯೊಳಗೆ ಇದೆ ಎಂದೂ ನಂಬಿದ್ದರು. ಅಂದರೆ ಇಂದು ನಿಮ್ಮ ಗ್ರೂಪಿಗೆ ಬರುವ ಫಾರ್ವರ್ಡ್ ಎಪ್ಪತ್ತು ವರ್ಷದ ಹಿಂದೆಯೇ ಬಾಯಿಂದ ಬಾಯಿಗೆ ಓಡಾಡುತ್ತಿತ್ತು.

ಡಾಕ್ಟರ್ ನಕ್ಕು ಕಳಿಸಬಹುದಿತ್ತು. ಕಳಿಸಲಿಲ್ಲ. ಕೂರಿಸಿಕೊಂಡು ಕೇಳಿದರು, ಬರೆದುಕೊಂಡರು. 1956ರಲ್ಲಿ ಈ ಬಗ್ಗೆ ಲೇಖನ ಪ್ರಕಟಿಸಿದರು. 1957ರಲ್ಲಿ ದಿ ಟ್ವೈಸ್ ಬಾರ್ನ್ ಎಂಬ ಪುಸ್ತಕ ಬಂತು. ಆ ಪುಸ್ತಕದ ತಪ್ಪುಗಳನ್ನೂ ಹೇಳಬೇಕು. ಒಂದು ಸೀಮೆಯ ಕೆಲವು ಮೇಲ್ಜಾತಿಯ ಗಂಡಸರ ಮಾತು ಕೇಳಿ, ಫ್ರಾಯ್ಡ್ ಸಿದ್ಧಾಂತ ಹಿಡಿದು, ಅವರು ಹಿಂದೂಗಳ ಸ್ವಭಾವದ ಬಗ್ಗೆಯೇ ದೊಡ್ಡ ತೀರ್ಮಾನ ಬರೆದರು. ಅದಕ್ಕೆ ಟೀಕೆ ಬಂತು, ಬರಬೇಕಾದದ್ದೇ. ಉಳಿದದ್ದು ಅವರ ತೀರ್ಮಾನಗಳಲ್ಲ, ರೋಗಿಗಳ ಮಾತಿನ ದಾಖಲೆ.

1960ರಲ್ಲಿ ಭಾರತೀಯ ಮನೋವೈದ್ಯ ಡಾ. ಎನ್. ಎನ್. ವಿಗ್ ಈ ತೊಂದರೆಗೆ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. 1992ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೂ ಆ ಹೆಸರು ಸೇರಿತು. ಒಂದು ಸಮಾಜದ ನಂಬಿಕೆಯ ಅಚ್ಚಿನಲ್ಲೇ ರೂಪ ಪಡೆಯುವ ಇಂಥ ತೊಂದರೆಗಳನ್ನು ಸಂಸ್ಕೃತಿಬದ್ಧ ಕಾಯಿಲೆಗಳು ಎಂದು ಕರೆಯುತ್ತಿದ್ದರು.

ಹಾಗಾದರೆ ವಿಜ್ಞಾನ ಏನು ಹೇಳುತ್ತದೆ?

ರಕ್ತಕಣಗಳು ತಯಾರಾಗುವುದು ಮೂಳೆಯ ಮಜ್ಜೆಯಲ್ಲಿ. ವೀರ್ಯಾಣು ತಯಾರಾಗುವುದು ವೃಷಣದಲ್ಲಿ. ವೀರ್ಯದ ಹೆಚ್ಚಿನ ದ್ರವ ಬರುವುದು ಪ್ರಾಸ್ಟೇಟ್ ಮತ್ತು ಅದರ ಪಕ್ಕದ ಗ್ರಂಥಿಗಳಿಂದ. ರಕ್ತವನ್ನು ಕಾಯಿಸಿ ಇಳಿಸಿದ ಸಾರ ಅದಲ್ಲ. ಒಂದು ಸಲಕ್ಕೆ ಹೋಗುವುದು ಸುಮಾರು 2ರಿಂದ 5 ಮಿಲಿಲೀಟರ್, ಅದರಲ್ಲೂ ಬಹುಪಾಲು ನೀರು. ಹರೆಯದಲ್ಲಿ ನಿದ್ದೆಯಲ್ಲಿ ವೀರ್ಯ ಹೋಗುವುದು ಸಹಜ. ಮೂತ್ರ ಕೆಲವೊಮ್ಮೆ ಬೆಳ್ಳಗೆ ಕಾಣುವುದಕ್ಕೆ ಅದರಲ್ಲಿರುವ ಫಾಸ್ಫೇಟ್ ಲವಣವೂ ಕಾರಣವಾಗುತ್ತದೆ.

ಮತ್ತೆ ಸುಸ್ತು ಯಾಕೆ? ಶಕ್ತಿಯೆಲ್ಲ ಸೋರಿ ಹೋಗುತ್ತಿದೆ ಎಂದು ಹಗಲೂ ರಾತ್ರಿ ಹೆದರುವವನಿಗೆ ನಿದ್ದೆ ಬಾರದು, ಊಟ ಸೇರದು, ಓದಲು ಮನಸ್ಸು ನಿಲ್ಲದು. ಈ ದೂರು ಹೇಳುವ ಅನೇಕರಲ್ಲಿ ಆತಂಕ ಅಥವಾ ಖಿನ್ನತೆ ಇರುವುದನ್ನು ವೈದ್ಯರು ಕಂಡಿದ್ದಾರೆ. ಚೂರ್ಣದಿಂದ ಆ ಖಿನ್ನತೆ ವಾಸಿಯಾಗದು. ಚೂರ್ಣ ಮಾರುವವನ ಮಾತಿನಿಂದ ಭಯ ಇನ್ನೂ ಹೆಚ್ಚುತ್ತದೆ.

ಇದು ನಮ್ಮವರ ಮೌಢ್ಯ ಮಾತ್ರವೇ?

ಅಲ್ಲ. ಸ್ವಿಟ್ಜರ್ಲೆಂಡಿನ ವೈದ್ಯ ಟಿಸ್ಸೋ 1760ರಲ್ಲಿ ಫ್ರೆಂಚ್ ಭಾಷೆಯಲ್ಲಿ ಬರೆದ ಪುಸ್ತಕದಲ್ಲಿ ಇದೇ ಭಯ ಹುಟ್ಟಿಸಿದ್ದರು. ಒಂದು ಔನ್ಸ್ ವೀರ್ಯ ಹೋದರೆ ನಲವತ್ತು ಔನ್ಸ್ ರಕ್ತ ಹೋದದ್ದಕ್ಕಿಂತ ಹೆಚ್ಚು ನಿತ್ರಾಣ ಎಂದು ಅವರ ವಾದ. ಅಲ್ಲೂ ಅದೇ ನಲವತ್ತು!

ಸುದ್ದಿಯೇ ಕಾಯಿಲೆ ಹರಡಿದ ಉದಾಹರಣೆಯೂ ಇದೆ. 1967ರಲ್ಲಿ ಸಿಂಗಾಪುರದಲ್ಲಿ, ಲಸಿಕೆ ಹಾಕಿದ ಹಂದಿಯ ಮಾಂಸ ತಿಂದರೆ ಶಿಶ್ನ ಒಳಗೆ ಸೇರಿಹೋಗುತ್ತದೆ ಎಂಬ ಗಾಳಿಮಾತು ಎದ್ದಿತು. ನೂರಾರು ಗಂಡಸರು ಹೆದರಿ ಆಸ್ಪತ್ರೆಗೆ ಓಡಿದರು. ವೈದ್ಯರು ಪತ್ರಿಕೆ, ರೇಡಿಯೊ, ಟಿ.ವಿ.ಯಲ್ಲಿ ವಿವರಿಸಿದ ಮೇಲೆ ಅದು ತಣ್ಣಗಾಯಿತು. ಆಗ ವಾಟ್ಸಾಪ್ ಇರಲಿಲ್ಲ ಎಂಬುದನ್ನು ನೆನಪಿಡಿ.

ಕಾರ್‌ಸ್ಟೇರ್ಸ್‌ಗೂ ತಮ್ಮ ದೇಶದಲ್ಲೇ ಇದರ ಬಿಸಿ ತಟ್ಟಿತು. 1961ರಲ್ಲಿ ಅವರು ಎಡಿನ್‌ಬರೋದಲ್ಲಿ ಪ್ರಾಧ್ಯಾಪಕರಾದರು. 1962ರಲ್ಲಿ ಬಿ.ಬಿ.ಸಿ. ರೇಡಿಯೊದ ರೀತ್ ಉಪನ್ಯಾಸ ಕೊಟ್ಟು, ಬ್ರಹ್ಮಚರ್ಯವೇ ಎಲ್ಲಕ್ಕಿಂತ ದೊಡ್ಡ ಗುಣವೇ ಎಂದು ಪ್ರಶ್ನಿಸಿದರು. ಬ್ರಿಟನ್ನಿನಲ್ಲಿ ದೊಡ್ಡ ಗದ್ದಲವೇ ಆಯಿತು.

ಕೋಟದ ಮನೆಮನೆಗೆ

ಮುಂದಿನ ದೊಡ್ಡ ಕೆಲಸ ನಮ್ಮ ಕರ್ನಾಟಕದಲ್ಲಿ. ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಭಾರತೀಯ ಮನೋವೈದ್ಯ ಡಾ. ರವಿ ಕಪೂರ್ ಜೊತೆ ಸೇರಿ ಅಧ್ಯಯನ ನಡೆಯಿತು. ಈ ಸಲ ಕೆಲವರ ಮಾತು ಕೇಳಿ ಎಲ್ಲರ ಬಗ್ಗೆ ಬರೆಯಲಿಲ್ಲ. ಬ್ರಾಹ್ಮಣರು, ಬಂಟರು, ಮೊಗವೀರರು, ಹೀಗೆ ಬೇರೆ ಬೇರೆ ಸಮುದಾಯದ ಮನೆಗಳಿಗೆ ಹೋಗಿ ಕೇಳಿದರು. ಭಾರತದ ರೋಗಿಗಳು ತಮ್ಮ ಸಂಕಟವನ್ನು ಹೇಳಿಕೊಳ್ಳುವ ರೀತಿಗೆ ಹೊಂದುವ ಪ್ರಶ್ನಾವಳಿಯನ್ನೇ ಸಿದ್ಧಪಡಿಸಿದರು. ಅದು 1974ರಲ್ಲಿ ಪ್ರಕಟವಾಯಿತು. 1976ರಲ್ಲಿ ಕೋಟದ ಬಗ್ಗೆ ಪುಸ್ತಕ ಬಂತು.

ಅಲ್ಲಿ ಕಂಡದ್ದು ನಮಗೆಲ್ಲ ಗೊತ್ತಿರುವ ನೋಟವೇ. ಜನ ವೈದ್ಯರ ಹತ್ತಿರವೂ ಹೋಗುತ್ತಿದ್ದರು, ಮಂತ್ರವಾದಿಯ ಹತ್ತಿರವೂ, ಮೈಮೇಲೆ ದೈವ ಬರುವ ಪಾತ್ರಿಯ ಹತ್ತಿರವೂ. ಒಂದನ್ನು ನಂಬಿದರೆ ಇನ್ನೊಂದನ್ನು ಬಿಡಬೇಕು ಎಂದು ಅವರಿಗೆ ಅನಿಸಿರಲಿಲ್ಲ. ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಮೈಮೇಲೆ ಗಾಳಿ ಬಂದಿದೆ ಎಂದು ಮನೆಯವರನ್ನು ಕರೆತರುವವರನ್ನು ನೋಡಿದವರಿಗೆ ಇದು ಹೊಸದಲ್ಲ. ದತ್ತನ ಸನ್ನಿಧಿಗೆ ಹೋಗುವುದು ಭಕ್ತಿ. ಅದರ ಜೊತೆ ಡಾಕ್ಟರ ಬಳಿಗೂ ಹೋಗಿ ಎಂದಷ್ಟೇ ನಾವು ಹೇಳುವುದು.

ಕಾರ್‌ಸ್ಟೇರ್ಸ್ 1973ರಿಂದ 1978ರವರೆಗೆ ಯಾರ್ಕ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದು, 1991ರಲ್ಲಿ ತೀರಿಕೊಂಡರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಸಂಸ್ಕೃತಿಬದ್ಧ ಎಂಬ ಹಳೆಯ ಹೆಸರನ್ನು ಕೈಬಿಟ್ಟಿತು. ಎಲ್ಲ ಸಮಾಜದ ಸಂಕಟಕ್ಕೂ ಆ ಸಮಾಜದ ಬಣ್ಣ ಇರುತ್ತದೆ ಎಂಬುದು ಈಗಿನ ತಿಳಿವಳಿಕೆ.

ಫಾರ್ವರ್ಡ್ ಮಾಡುವ ಮುನ್ನ

ಮೂತ್ರದಲ್ಲಿ ಉರಿ, ರಕ್ತ, ಕೀವು ಕಂಡರೆ ಅದು ಸೋಂಕು ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಸುಸ್ತು, ಭಯ, ಬೇಸರ ಬಿಡದಿದ್ದರೆ ಮನೋವೈದ್ಯರನ್ನು ಕಾಣಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆ ಸಿಗುತ್ತದೆ. ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ನಿಮ್ಮ ಗ್ರೂಪಿನಲ್ಲಿ ಸುಮ್ಮನೆ ಹೆದರಿ ಕೂತ ಹುಡುಗ ಒಬ್ಬನಾದರೂ ಇರುತ್ತಾನೆ. ಚೂರ್ಣದ ನಂಬರಿನ ಬದಲು ಈ ನಂಬರ್ ಅವನಿಗೆ ತಲುಪಲಿ.