ಫ್ರಾಂಕ್ ಎನ್. ಮೇಯರ್ (1875–1918): ಸೋಯಾ ಅವರೆ ತಳಿ ಸಂಗ್ರಾಹಕರ ಜೀವನ ಪರಿಚಯ

ಬಿತ್ತನೆ ಬೀಜಕ್ಕಾಗಿ ರೈತ ಸಂಪರ್ಕ ಕೇಂದ್ರಗಳಲ್ಲಿ ಅರ್ಜಿ ಸಲ್ಲಿಸುವ ರೈತ ಬಾಂಧವರಿಗೆ ತಳಿಯ ಹೆಸರು, ಅವಧಿ ಮತ್ತು ಇಳುವರಿಯ ವಿವರಗಳು ದೊರೆಯುತ್ತವೆ. ಒಂದು ತಳಿಗೆ ರೋಗ ಮತ್ತು ಕೀಟ ನಿರೋಧಕ ಗುಣ ಎಲ್ಲಿಂದ ಬರುತ್ತದೆ ಎಂಬುದು ಮಾತ್ರ ಅಷ್ಟಾಗಿ ತಿಳಿದಿರುವುದಿಲ್ಲ. ಸೋಯಾ ಅವರೆಯ ಮಟ್ಟಿಗೆ ಇದನ್ನು ಅರಿಯಲು ಫ್ರಾಂಕ್ ಮೇಯರ್ ಅವರ ಜೀವನವು ಸಹಕಾರಿಯಾಗಿದೆ.

ಮೇಯರ್ ಅವರು 1875ರ ನವೆಂಬರ್ 29ರಂದು ಹಾಲೆಂಡಿನ ಆಂಸ್ಟರ್‌ಡ್ಯಾಮ್ ನಗರದಲ್ಲಿ ಜನಿಸಿದರು. ಹದಿಹರೆಯದಲ್ಲಿಯೇ ಅಲ್ಲಿನ ಸಸ್ಯೋದ್ಯಾನದಲ್ಲಿ ಕೆಲಸಕ್ಕೆ ಸೇರಿ, ಖ್ಯಾತ ಸಸ್ಯವಿಜ್ಞಾನಿ ಹ್ಯೂಗೋ ಡಿ ವ್ರೀಸ್ ಅವರ ಮಾರ್ಗದರ್ಶನ ಪಡೆದರು. 1901ರಲ್ಲಿ ಅಮೆರಿಕಕ್ಕೆ ತೆರಳಿದರು. ಎಷ್ಟು ದೂರವನ್ನಾದರೂ ಕಾಲ್ನಡಿಗೆಯಲ್ಲಿ ಕ್ರಮಿಸುವ ಅವರ ಅಭ್ಯಾಸವು ಮುಂದೆ ಅವರ ವೃತ್ತಿಗೆ ಆಧಾರವಾಯಿತು. 1905ರಲ್ಲಿ ಅಮೆರಿಕದ ಕೃಷಿ ಇಲಾಖೆಯು ಡೇವಿಡ್ ಫೇರ್‌ಚೈಲ್ಡ್ ಅವರ ಮುಖಾಂತರ ಮೇಯರ್ ಅವರನ್ನು ನೇಮಿಸಿಕೊಂಡು, ಉಪಯುಕ್ತ ಸಸ್ಯಗಳ ಸಂಗ್ರಹಕ್ಕಾಗಿ ಚೀನಾ ದೇಶಕ್ಕೆ ಕಳುಹಿಸಿತು.

1905ರಿಂದ 1918ರವರೆಗೆ ಅವರು ಏಷ್ಯಾ ಖಂಡದಲ್ಲಿ ನಾಲ್ಕು ದೀರ್ಘ ಸಂಚಾರಗಳನ್ನು ಕೈಗೊಂಡರು. ಮಂಚೂರಿಯ, ಕೊರಿಯಾ, ಸೈಬೀರಿಯ, ಮಧ್ಯ ಏಷ್ಯಾ ಮತ್ತು ಚೀನಾದ ಒಳನಾಡುಗಳಲ್ಲಿ ಸಂಚರಿಸಿ ಸುಮಾರು 2,500 ಸಸ್ಯ ಮಾದರಿಗಳನ್ನು ಕಳುಹಿಸಿದರು. ಇಂದು ಮೇಯರ್ ನಿಂಬೆ ಎಂದು ಕರೆಯಲ್ಪಡುವ ಹಣ್ಣು ಅವುಗಳಲ್ಲಿ ಒಂದು. ಆದರೆ ಬೇಸಾಯದ ದೃಷ್ಟಿಯಿಂದ ಅದಕ್ಕಿಂತ ಮಹತ್ವದ್ದು, ಅವರು ಹಳ್ಳಿಗಳಿಂದಲೂ ಸಂತೆಗಳಿಂದಲೂ ಸಂಗ್ರಹಿಸಿದ 40ಕ್ಕೂ ಹೆಚ್ಚು ಬಗೆಯ ಸೋಯಾ ಅವರೆ. ಆ ಕಾಲದಲ್ಲಿ ಅಮೆರಿಕದ ರೈತರಿಗೆ ಈ ಬೆಳೆಯು ಬಹುಮಟ್ಟಿಗೆ ದನಗಳ ಮೇವು ಮಾತ್ರವಾಗಿತ್ತು. ಚೀನಾದ ರೈತರಾದರೋ ಶತಮಾನಗಳಿಂದ ಎಣ್ಣೆಗೆ, ಆಹಾರಕ್ಕೆ, ಮೇವಿಗೆ ಬೇರೆ ಬೇರೆ ನಾಟಿ ತಳಿಗಳನ್ನು ಆಯ್ದು ಉಳಿಸಿಕೊಂಡಿದ್ದರು. ಮೇಯರ್ ಅವರು ಕಳುಹಿಸಿದ್ದು ವಾಸ್ತವವಾಗಿ ಆ ಹೆಸರಿಲ್ಲದ ರೈತರ ಶ್ರಮವನ್ನೇ.

ಅವರ ಕಡೆಯ ಸಂಚಾರವು ಕಷ್ಟಕರವಾಗಿತ್ತು. ಚೀನಾದಲ್ಲಿ ಅಂತಃಕಲಹ ತಲೆದೋರಿ, ಅವರು ಇಚಾಂಗ್ ಪಟ್ಟಣದಲ್ಲಿ ತಿಂಗಳುಗಟ್ಟಲೆ ಸಿಲುಕಿಕೊಂಡರು. ಒಂಟಿತನ ಮತ್ತು ಅನಾರೋಗ್ಯ ಅವರನ್ನು ಕುಗ್ಗಿಸಿದ್ದವು. 1918ರ ಜೂನ್ 1ರ ರಾತ್ರಿ ಯಾಂಗ್‌ಟ್ಸೆ ನದಿಯಲ್ಲಿ ಶಾಂಘೈ ಕಡೆಗೆ ಸಾಗುತ್ತಿದ್ದ ಹಡಗಿನಿಂದ ಅವರು ಕಾಣೆಯಾದರು. ಕೆಲವು ದಿನಗಳ ನಂತರ ಶವವು ನದಿಯಲ್ಲಿ ದೊರೆಯಿತು. ಸಾವಿನ ಕಾರಣ ಇಂದಿಗೂ ನಿರ್ಧಾರವಾಗಿಲ್ಲ. ಅವರು ಸಹೋದ್ಯೋಗಿಗಳಿಗೆಂದು ಉಯಿಲಿನಲ್ಲಿ ಬಿಟ್ಟ ಹಣದಿಂದ ಸಸ್ಯ ಸಂಗ್ರಹ ಕಾರ್ಯಕ್ಕಾಗಿ ಮೇಯರ್ ಪದಕವನ್ನು ಸ್ಥಾಪಿಸಲಾಯಿತು.

ಮೇಯರ್ ಅವರು 1906ರಲ್ಲಿ ಪೀಕಿಂಗ್ ನಗರದಿಂದ ಕಳುಹಿಸಿದ ಬೀಜಗಳಿಂದ ಆಯ್ದ ಒಂದು ತಳಿಗೆ ಪೀಕಿಂಗ್ ಎಂದೇ ಹೆಸರಿಡಲಾಗಿತ್ತು. ಇದು ಸಣ್ಣ ಕಪ್ಪು ಕಾಳಿನ ತಳಿ. ಹಳದಿ ಕಾಳಿನ ಅಧಿಕ ಇಳುವರಿ ತಳಿಗಳು ಬಂದ ಮೇಲೆ ಇದನ್ನು ಕೇಳುವವರಿರಲಿಲ್ಲ. 1954ರಲ್ಲಿ ಅಮೆರಿಕದ ಉತ್ತರ ಕೆರೊಲಿನ ರಾಜ್ಯದಲ್ಲಿ, ಸೋಯಾ ಅವರೆಯ ಬೇರಿಗೆ ಅಂಟಿ ರಸ ಹೀರುವ ಜಂತುಹುಳುವಿನ ಬಾಧೆ ಕಾಣಿಸಿಕೊಂಡಿತು. ಈ ಹುಳುವಿನ ಮೊಟ್ಟೆಗಳು ಗಟ್ಟಿಯಾದ ಕೋಶದೊಳಗೆ ಮಣ್ಣಿನಲ್ಲಿ ಅನೇಕ ವರ್ಷ ಜೀವಂತವಾಗಿರುವುದರಿಂದ ಒಮ್ಮೆ ಹೊಕ್ಕ ಹೊಲದಿಂದ ಅದನ್ನು ನಿವಾರಿಸುವುದು ಬಹು ಕಷ್ಟ. ಸಾಗುವಳಿಯಲ್ಲಿದ್ದ ತಳಿಗಳು ಕೆಲವೇ ಮೂಲಗಳಿಂದ ಬಂದಿದ್ದು, ಅವುಗಳಲ್ಲಿ ನಿರೋಧಕ ಗುಣವಿರಲಿಲ್ಲ. ಸಂಗ್ರಹದಲ್ಲಿದ್ದ ಸಾವಿರಾರು ತಳಿಗಳನ್ನು ಪರೀಕ್ಷಿಸಿದಾಗ ನಿರೋಧಕವೆಂದು ಕಂಡುಬಂದ ಕೆಲವೇ ತಳಿಗಳಲ್ಲಿ ಪೀಕಿಂಗ್ ಸೇರಿತ್ತು.

ಆದರೆ ನಿರೋಧಕ ಗುಣದ ಒಂದು ವಂಶವಾಹಿಯು ಕಾಳಿನ ಕಪ್ಪು ಬಣ್ಣದ ವಂಶವಾಹಿಗೆ ಅತ್ಯಂತ ಸಮೀಪದಲ್ಲಿತ್ತು. ಒಂದನ್ನು ಪಡೆದರೆ ಇನ್ನೊಂದೂ ಜೊತೆಗೇ ಬರುತ್ತಿತ್ತು. ಇವೆರಡನ್ನು ಬೇರ್ಪಡಿಸಲು ಹೆಚ್ಚಿನ ಸಂಖ್ಯೆಯ ಸಸಿಗಳನ್ನು ಬೆಳೆಸಿ ಆಯ್ಕೆ ಮಾಡಬೇಕಾಯಿತು. ಹೀಗೆ ಸಿದ್ಧವಾದ ನಿರೋಧಕ ತಳಿ ಪಿಕೆಟ್, 1960ರ ದಶಕದಲ್ಲಿ ಬಿಡುಗಡೆಯಾಯಿತು. ಮುಂದಿನ ದಶಕಗಳಲ್ಲಿ ಚೀನಾದಿಂದಲೇ ಬಂದ ಬೇರೊಂದು ಮೂಲವನ್ನು ಬಹುತೇಕ ಎಲ್ಲ ನಿರೋಧಕ ತಳಿಗಳಲ್ಲಿ ಬಳಸಲಾಯಿತು. ಒಂದೇ ಮೂಲವನ್ನು ಎಡೆಬಿಡದೆ ಬಿತ್ತಿದ ಕಾರಣ ಜಂತುಹುಳುಗಳು ಅದಕ್ಕೆ ಹೊಂದಿಕೊಳ್ಳತೊಡಗಿದ್ದು, ತಳಿ ತಜ್ಞರು ಪುನಃ ಪೀಕಿಂಗ್ ಮೂಲದ ನಿರೋಧಕತೆಯತ್ತ ತಿರುಗಿದ್ದಾರೆ. ವಿಷಾದದ ಸಂಗತಿಯೆಂದರೆ, ಅಮೆರಿಕದಲ್ಲಿ ಸೋಯಾ ಅವರೆಯ ಶಾಶ್ವತ ಸಂಗ್ರಹ 1949ರಲ್ಲಷ್ಟೇ ಆರಂಭವಾದುದರಿಂದ, ಅದಕ್ಕೆ ಮೊದಲು ತರಿಸಿದ್ದ ಮಾದರಿಗಳಲ್ಲಿ ಬಹುಪಾಲು ನಷ್ಟವಾಗಿವೆ. ಅವುಗಳಲ್ಲಿ ಯಾವ ಗುಣಗಳಿದ್ದವೆಂದು ಇನ್ನು ತಿಳಿಯುವಂತಿಲ್ಲ.

ಕರ್ನಾಟಕದಲ್ಲಿ ಬೀದರ್, ಬೆಳಗಾವಿ, ಧಾರವಾಡ ಜಿಲ್ಲೆಗಳ ಸೋಯಾ ಅವರೆ ಬೆಳೆಗಾರರಿಗೆ ಬೇರೆಯದೇ ಆದ ತುಕ್ಕು ರೋಗದ ಸಮಸ್ಯೆಯಿದೆ. ಇದಕ್ಕೂ ಪರಿಹಾರ ದೊರೆತದ್ದು ಇದೇ ಕ್ರಮದಲ್ಲಿ: ಧಾರವಾಡ ಕೃಷಿ ವಿಶ್ವವಿದ್ಯಾಲಯವು ಜನಪ್ರಿಯ ಜೆ.ಎಸ್. 335 ತಳಿಯನ್ನು ಹೊರದೇಶದ ನಿರೋಧಕ ಮೂಲದೊಂದಿಗೆ ಸಂಕರಣಗೊಳಿಸಿ ಡಿ.ಎಸ್.ಬಿ. 21 ತಳಿಯನ್ನು ಅಭಿವೃದ್ಧಿಪಡಿಸಿದೆ.

ಯಾವುದೇ ಬೆಳೆಯ ಹಳೆಯ ನಾಟಿ ತಳಿಗಳನ್ನು ಉಳಿಸಿಕೊಂಡು ಬಂದಿರುವ ರೈತರು, 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ಅವುಗಳನ್ನು ರೈತರ ತಳಿಯೆಂದು ನೋಂದಾಯಿಸಲು ಅರ್ಜಿ ಸಲ್ಲಿಸಬಹುದಾಗಿದೆ. ಇದಕ್ಕೆ ನೋಂದಣಿ ಶುಲ್ಕವಿರುವುದಿಲ್ಲ.